ಸೂಜಿ ಹಾರುವ ಜಾಗ

ಕಲ್ಲಿಕೋಟೆಯ ವಲಿಯಂಗಡಿಯಲ್ಲಿ
ಕೊಬ್ಬರಿ ಮಂಡಿಯ ಮೇಲೆ ನಮ್ಮ ಅಟ್ಟ.
ಹತ್ತಲು ಹದಿಮೂರು ಮೆಟ್ಟಿಲು, ಅದರಲ್ಲಿ ಒಂದು ಇಲ್ಲ.
ಹೊಸಬರು ಬಿದ್ದೇ ಸದಸ್ಯರಾಗುವುದು.

ಗುರುವಾರ ರಾತ್ರಿ ಕೆಳಗೆ ತಕ್ಕಡಿ ನಿಂತ ಮೇಲೆ
ಇಲ್ಲಿ ತೂಕ ಶುರು.
ಈ ವಾರವೂ ಚಾಲಿಯಂ ದಾಮೋದರನ್,
ಈ ವಾರವೂ ಅದೇ ಹಾಡು.
ಊರು ಬಲ್ಲ ಅವನ ಹಾಡು ಬೇರೆ, ಬಿಡಿ,
ಮದುವೆ ಚಪ್ಪರ, ಬಸ್ಸು, ಬೀಡಿ ಅಂಗಡಿಗಳು
ನೆಕ್ಕಿ ನೆಕ್ಕಿ ಸಪ್ಪೆ ಮಾಡಿದ್ದು.
ಇದು ನಾಲ್ಕೇ ದಿನ ಓಡಿದ ಸಿನಿಮಾದ್ದು.
ಐದನೆಯ ದಿನ ಪರದೆಯ ಮುಂದೆ
ದೋಣಿಯವರ ಸಂಘದ ಮಹಾಸಭೆ ನಡೆಯಿತಂತೆ,
ಅದಕ್ಕೆ ಜನ ಹೆಚ್ಚು ಬಂದಿದ್ದರಂತೆ.

‘ಎರಡನೆಯ ಚರಣ ಏರುವಲ್ಲಿ ಉಸಿರು ಸಾಲದು ಅವನಿಗೆ’
ಎಂದರು ಬೀರಾನ್‌ಕೋಯ, ಮಂಡಿಯ ಗುಮಾಸ್ತರು.
‘ಮೂಟೆ ಹೊತ್ತವನ ಮೊಣಕಾಲು ಹೇಗೆ ಮಡಚುತ್ತದೆ
ನಲವತ್ತು ವರ್ಷ ನೋಡಿದವನು ನಾನು.’
‘ಸಾಲದ್ದಲ್ಲ ಕಾಕಾ, ಉಳಿಸಿಕೊಂಡದ್ದು’
ದರ್ಜಿ ಶಂಕುಣ್ಣಿ ನಾಯರು ಎದ್ದೇ ನಿಂತರು.
‘ಬಟ್ಟೆ ಕಡಿಮೆ ಬಿದ್ದದ್ದಕ್ಕೂ ಅಂಚು ಒಳಗೆ ಮಡಚಿದ್ದಕ್ಕೂ
ಭೇದ ಕಾಣದವರ ಹತ್ತಿರ ಏನು ಮಾತು!’

ನಾನು ಸುಲೈಮಾನಿಗೆ ನಿಂಬೆ ಹಿಂಡುತ್ತಿದ್ದೆ.
ಕೀಲಿ ತಿರುಗಿಸುವುದೂ ನನ್ನದೇ ಕೆಲಸ.

ಇರುವುದೊಂದೇ ತಟ್ಟೆ. ಕುಟ್ಟಿಚಿರದ ಒಂದು ಮದುವೆಯಲ್ಲಿ
ಮದುಮಗನ ಅಜ್ಜ ಅದರ ಮೇಲೆ ಕೂತುಬಿಟ್ಟಿದ್ದರು.
ಅಂದಿನಿಂದ ‘ನಿನ್ನ ಕಿಟಕಿಯ ಕೆಳಗೆ’ ಎಂದಲ್ಲಿ
ಸೂಜಿ ಟಪ್ಪನೆ ಹಾರಿ
‘ತಿರುಗಿ ಹೋದೆ’ ಎಂಬಲ್ಲಿ ಇಳಿಯುತ್ತದೆ.
ನಡುವೆ ಅವನು ಏನು ಮಾಡಿದ?
ಇಪ್ಪತ್ತಾರು ವರ್ಷದ ವ್ಯಾಜ್ಯ.
ಹೂವಿಟ್ಟು, ಎಂದು ಶಂಕುಣ್ಣಿ.
ಅತ್ತು, ಎಂದು ಅವರ ತಮ್ಮ.
ಹೆಸರು ಹಿಡಿದು ಕರೆಯಲಾರದೆ, ಎಂದು ಇಂಬಿಚ್ಚಾಮಿನ ಟೀಚರ್.
ಬೀರಾನ್‌ಕೋಯ ಮಾತ್ರ: ‘ಏನೂ ಇರಲಾರದು.
ಕಂಪನಿಯವರು ತಂತಿವಾದ್ಯ ತುರುಕಿರುತ್ತಾರೆ.’

ಈ ಗುರುವಾರ ತಲಶ್ಶೇರಿಯಿಂದ ಬಂತು ಇನ್ನೊಂದು ತಟ್ಟೆ,
ಹಲ್ಲಿನ ಡಾಕ್ಟರರ ಹೆಂಡತಿ ಕೇಕಿನ ಡಬ್ಬಿಯಲ್ಲಿಟ್ಟು ಕಳಿಸಿದ್ದು.
ಗೀರಿಲ್ಲ, ಬಿರುಕಿಲ್ಲ,
ಕನ್ನಡಿಯಂತೆ ಬಲ್ಬು ಕಾಣುತ್ತಿತ್ತು ಅದರಲ್ಲಿ.
ಹಾಕಿದೆ. ಯಾರೂ ಲೋಟ ಕೆಳಗಿಡಲಿಲ್ಲ.

ನಿನ್ನ ಕಿಟಕಿಯ ಕೆಳಗೆ
ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು
ತಿರುಗಿ ಹೋದೆ.

ಅಷ್ಟೆ.
‘ಚಪ್ಪಲಿ’ ಎಂಬಲ್ಲಿ ಸ್ವರ ಕೂದಲೆಳೆಯಷ್ಟು ಕೆಳಗೆ.

‘ಚಪ್ಪಲಿ?’ ಎಂದರು ಶಂಕುಣ್ಣಿ.
‘ಪ್ರೇಮಗೀತೆಯಲ್ಲಿ ಚಪ್ಪಲಿ?
ಕವಿ ಹಾಳು ಮಾಡಿದ. ಇವನೂ ಅಪಸ್ವರ ಹಾಡಿದ.’
ಇಪ್ಪತ್ತಾರು ವರ್ಷ ಹೊಲಿದ ಅಂಗಿ
ಯಾರದೋ ಮೈಗೆ ಸರಿಹೋದಂಥ ಮುಖ.
ಬೀರಾನ್‌ಕೋಯ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಹಾಕಿಕೊಳ್ಳಲಿಲ್ಲ.
‘ಸದ್ದಾಗದ ಹಾಗೆ ನಡೆಯುವವನಿಗೆ, ನಾಯರೇ,
ಅಷ್ಟೇ ಉಸಿರು. ಅದಕ್ಕಿಂತ ಹೆಚ್ಚು ತೆಗೆದರೆ
ಮನೆಯವರು ಏಳುತ್ತಾರೆ.’
‘ನೀವೇ ಅಲ್ಲವೇ ಸಾಲದು ಅಂದದ್ದು?’
‘ಅಂದೆ. ಅಂದದ್ದು ಹಳೆಯ ತಟ್ಟೆಗೆ.’

ಎತ್ತು ಏರಿಗೆ, ಕೋಣ ನೀರಿಗೆ.
ಈಗ ಎತ್ತು ಯಾವುದು ಕೋಣ ಯಾವುದು
ಎಂದು ತಿಳಿಯದೆ ನಾನು ಇನ್ನೊಂದು ಸುತ್ತು ಚಹಾ ಇಟ್ಟೆ.
ಟೀಚರ್ ಹೇಳಿದರು: ‘ಹಳೆಯದನ್ನೇ ಒಮ್ಮೆ ಹಾಕು, ಮೋನೇ.’
ಹಾಕಿದೆ. ಸೂಜಿ ಹಾರಿತು.
ಆ ಚಣದಲ್ಲಿ ಒಬ್ಬೊಬ್ಬರ ತುಟಿಯೂ ಅಲ್ಲಾಡಿತು,
ಯಾರದು ಏನೆಂದು ನಾನು ನೋಡಲಿಲ್ಲ.

ಒಂದು ಗಂಟೆಗೆ ದೀಪ ಆರಿಸಿದೆವು.
ಕೆಳಗೆ ಮೂಟೆಗಳ ಮೇಲೆ ಹಮಾಲರು ಮಲಗಿರುತ್ತಾರೆ,
ನಾಲ್ಕಕ್ಕೆ ಮತ್ತೆ ಲಾರಿ ಬರುತ್ತದೆ ಅವರಿಗೆ.
ಎಂದಿನಂತೆ ಎಲ್ಲರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು
ಕತ್ತಲಲ್ಲಿ ಸಾಲಾಗಿ ಇಳಿದೆವು,
ಶಂಕುಣ್ಣಿ ಪಿಸುಗುಟ್ಟುತ್ತಲೇ ಇದ್ದರು: ಅಪಸ್ವರ, ಅಪಸ್ವರ.
ಇಲ್ಲದ ಮೆಟ್ಟಿಲು ಬಂತು.
ಒಬ್ಬೊಬ್ಬರೇ ಹಾರಿದೆವು.